ಮರಳು ದಿಬ್ಬ ದಾಟಿ ಬಂದ ಟಪಾಲು

ಎಲ್ಲರಿಗೂ ನಮಸ್ಕಾರ.

ಆಸ್ಟ್ರೇಲಿಯಾದ ಒಳನಾಡಿನ ಗಟ್ಟಿ ಮನುಷ್ಯ ಅಂದಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಯಾರ ಹಂಗೂ ಬೇಡದ ಒಬ್ಬಂಟಿ ಗಂಡಸು, ಅಲ್ವಾ? ನಾನು ಇವತ್ತು ಹೇಳುವವರು ಹಾಗಿರಲಿಲ್ಲ. ಅವರು ಟಪಾಲು ತರುತ್ತಿದ್ದವರು. ಹೆಸರು ಎಸ್ಮಂಡ್ ಜೆರಾಲ್ಡ್ ಕ್ರೂಸ್. ಜನ ಕರೆಯುತ್ತಿದ್ದದ್ದು ಟಾಮ್ ಕ್ರೂಸ್ ಅಂತ. 1914ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹುಟ್ಟಿದರು.

ಮರ್ರೀ ಎಂಬ, ಆಗ ರೈಲು ನಿಲ್ಲುತ್ತಿದ್ದ ಊರಿನಿಂದ ಕ್ವೀನ್ಸ್‌ಲ್ಯಾಂಡ್ ಗಡಿಯಾಚೆಯ ಬರ್ಡ್ಸ್‌ವಿಲ್‌ವರೆಗೆ 500 ಕಿಲೋಮೀಟರ್ ಮೀರಿದ ದಾರಿ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳದ ಸೀಮೆ. ಹಿಂದೆ ಇಲ್ಲಿ ಸಾಮಾನು ಹೊರುತ್ತಿದ್ದದ್ದು ಒಂಟೆಗಳು. ಅವನ್ನು ನಡೆಸಲು ಅಫ್ಘಾನಿಸ್ತಾನದಿಂದ, ಆಗಿನ ಇಂಡಿಯಾದ ಪಂಜಾಬ್, ಬಲೂಚಿಸ್ತಾನದ ಕಡೆಯಿಂದ ಜನ ಹೋಗಿದ್ದರು. 1936ರಿಂದ ಸುಮಾರು 20 ವರ್ಷ ಈ ದಾರಿಯ ಲಾರಿ ಟಾಮ್ ಕೈಯಲ್ಲಿತ್ತು.

ಲಾರಿ ಲೇಲ್ಯಾಂಡ್ ಬ್ಯಾಡ್ಜರ್. ನಮ್ಮ ರಸ್ತೆಯಲ್ಲಿ ಅಶೋಕ್ ಲೇಲ್ಯಾಂಡ್ ನೋಡುತ್ತೀವಲ್ಲ, ಆ ಹೆಸರಿನ ಅರ್ಧ ಬಂದದ್ದು ಇದೇ ಬ್ರಿಟಿಷ್ ಕಂಪನಿಯಿಂದ. ಅದರ ತುಂಬ ಕಾಗದ, ಹಿಟ್ಟು, ಸಕ್ಕರೆ, ಔಷಧಿ, ಎಣ್ಣೆ ಡ್ರಮ್ಮು. ಮೇಲೆ ಒಂದಿಬ್ಬರು ಪ್ರಯಾಣಿಕರು. ಹದಿನೈದು ದಿನಕ್ಕೊಂದು ಸಲ ಆ ಸದ್ದು ಕೇಳಿದರೆ ‘ಸ್ಟೇಷನ್’ ಅಂತ ಕರೆಯುವ, ದನ ಸಾಕುವ ದೊಡ್ಡ ದೊಡ್ಡ ಜಮೀನುಗಳಲ್ಲಿ ಒಲೆ ಮೇಲೆ ಏನಾದರೂ ಇಡಲು ಸಾಮಾನು ಬಂತು ಅಂತ ಅರ್ಥ.

ಮರಳು ದಿಬ್ಬ ಹತ್ತುವುದನ್ನು ಸ್ವಲ್ಪ ಊಹಿಸಿಕೊಳ್ಳಿ. ಚಕ್ರ ಹೂತು ಹೋಗುತ್ತದೆ. ಟಾಮ್ ಇಳಿದು ಮೊದಲು ಮರಳು ತೋಡುತ್ತಾರೆ. ಆಮೇಲೆ ಉದ್ದನೆಯ ದಪ್ಪ ಕಬ್ಬಿಣದ ಹಲಗೆಗಳನ್ನು ಎಳೆದು ತಂದು ಚಕ್ರದ ಕೆಳಗೆ ಹಾಸುತ್ತಾರೆ. ಲಾರಿ ಹಲಗೆಯ ಉದ್ದದಷ್ಟು ಮುಂದೆ ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಹಿಂದೆ ಉಳಿದ ಹಲಗೆ ಎತ್ತಬೇಕು, ಮುಂದೆ ಹಾಸಬೇಕು. ಬೇಸಿಗೆಯ ಬಿಸಿಲು 45 ಡಿಗ್ರಿ ದಾಟಿದಾಗ ಆ ಕಬ್ಬಿಣ ಮುಟ್ಟಲು ಹೇಗಿರಬೇಡ! ದಿಬ್ಬ ಮುಗಿಯುವವರೆಗೂ ಇದೇ ಕೆಲಸ. ನನ್ನ ಪ್ರಕಾರ ಗಟ್ಟಿತನ ಇರುವುದು ಇಲ್ಲಿ. ತೋಳಿನ ಬಲಕ್ಕಿಂತ ಜಾಸ್ತಿ, ಬೇಸರವಿಲ್ಲದೆ ಮತ್ತೆ ಬಗ್ಗುವುದರಲ್ಲಿ.

ನೀರಿನ ಕಾಟವೂ ಇತ್ತು. ಈ ದಾರಿಗೆ ಅಡ್ಡ ಬರುವ ಕೂಪರ್ ಹೊಳೆ ವರ್ಷಗಟ್ಟಲೆ ಒಣಗಿರುತ್ತದೆ. ದೂರದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮಳೆಯಾದರೆ ಆ ನೀರು ನಿಧಾನಕ್ಕೆ ಹರಿದು ಇಲ್ಲಿಗೆ ಬರುತ್ತದೆ. ತಲೆ ಮೇಲೆ ಒಂದು ಮೋಡವಿಲ್ಲ, ಎದುರಿಗೆ ಕಿಲೋಮೀಟರ್‌ಗಟ್ಟಲೆ ಪ್ರವಾಹ! 1949ರಲ್ಲಿ ಹಾಗೆ ಬಂದಾಗ ಸಾಮಾನನ್ನೆಲ್ಲ ದೋಣಿಗೆ ಇಳಿಸಿ, ಆಚೆ ದಡದಲ್ಲಿ ಇನ್ನೊಂದು ಲಾರಿಗೆ ಏರಿಸಿದರು. ಟಪಾಲು ಮಾತ್ರ ನಿಲ್ಲಲಿಲ್ಲ.

ಈ ದಾರಿ ಎಂಥದ್ದು ಅಂತ ತಿಳಿಯಬೇಕಾದರೆ ಇದನ್ನೂ ಹೇಳಬೇಕು. 1963ರ ಡಿಸೆಂಬರ್‌ನಲ್ಲಿ ಇಲ್ಲೇ ದಾರಿ ತಪ್ಪಿದ ಒಂದು ಕುಟುಂಬದ ಐದೂ ಜನ ನೀರಿಲ್ಲದೆ ತೀರಿಕೊಂಡರು. ಅಂಥ ಕಡೆ ಎರಡು ದಶಕ ಜನರಿಗೆ ಊಟ, ಔಷಧಿ ಮುಟ್ಟಿಸಿದವರಿಗೆ 1955ರಲ್ಲಿ ಎಂಬಿಇ ಎಂಬ ಬ್ರಿಟಿಷ್ ಗೌರವ ಸಿಕ್ಕಿತು.

ಲಾರಿ ಏನಾಯ್ತು? 1957ರಲ್ಲಿ ಅದನ್ನು ಮರುಭೂಮಿಯಲ್ಲೇ ಬಿಟ್ಟಿದ್ದರು. 1990ರ ದಶಕದಲ್ಲಿ ಅಭಿಮಾನಿಗಳು ಹುಡುಕಿ ತಂದರು. ತುಕ್ಕು ಹಿಡಿದಿದ್ದ ಗಾಡಿಯನ್ನು ಒಂದೊಂದೇ ಭಾಗ ಬಿಚ್ಚಿ ಸರಿಮಾಡಿದರು. 1999ರಲ್ಲಿ, 80 ದಾಟಿದ್ದ ಟಾಮ್ ಅದೇ ಬ್ಯಾಡ್ಜರ್ ಹತ್ತಿ, ಅದೇ ದಾರಿಯಲ್ಲಿ ಇನ್ನೊಂದು ಸಲ ಟಪಾಲು ಒಯ್ದರು.