ಅರ್ಧ ಟಿಕೆಟ್ಟಿನ ಪೂರ್ತಿ ಲೆಕ್ಕ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ? ಸರಿ, ಶುರು ಮಾಡೋಣ.

ವಯಸ್ಸಾದವರಿಗೆ, ಅಂಗವಿಕಲರಿಗೆ ಬಸ್ಸು, ರೈಲು, ಮೆಟ್ರೊ ದರದಲ್ಲಿ ರಿಯಾಯಿತಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮೊದಲ ಪ್ರಶ್ನೆ, ಎಷ್ಟು ಪರ್ಸೆಂಟ್? ಕಾಲು ಭಾಗವಾ, ಅರ್ಧವಾ, ಪೂರ್ತಿ ಉಚಿತವಾ? ಘೋಷಣೆ ಮಾಡುವವರಿಗೂ ಆ ಪ್ರಶ್ನೆಯೇ ಇಷ್ಟ, ಯಾಕೆಂದರೆ ಅದು ದೊಡ್ಡ ಅಕ್ಷರದಲ್ಲಿ ಚೆನ್ನಾಗಿ ಕಾಣುತ್ತದೆ. ನಾನು ಇವತ್ತು ಮಾತಾಡುವುದು ಅದರ ಕೆಳಗಿನ ಸಣ್ಣ ಅಕ್ಷರದ ಬಗ್ಗೆ. ಯಾವ ಹೊತ್ತಿನಲ್ಲಿ ಸಿಗುತ್ತದೆ, ಏನು ತೋರಿಸಿದರೆ ಸಿಗುತ್ತದೆ, ಜೊತೆಗೆ ಬಂದವರ ಗತಿ ಏನು. ರಿಯಾಯಿತಿ ನಿಜವಾಗಿ ಎಷ್ಟು ಅಂತ ಗೊತ್ತಾಗುವುದು ಅಲ್ಲಿ.

ಮೊದಲು ಹೊತ್ತಿನ ವಿಷಯ. ಅಮೆರಿಕದಲ್ಲಿ 1974ರಲ್ಲಿ ಒಂದು ಕಾನೂನು ಬಂತು. ಕೇಂದ್ರ ಸರ್ಕಾರದ ದುಡ್ಡು ತಗೊಳ್ಳುವ ಸಾರಿಗೆ ಸಂಸ್ಥೆಗಳು ಹಿರಿಯರಿಗೆ, ಅಂಗವಿಕಲರಿಗೆ ಅರ್ಧಕ್ಕಿಂತ ಜಾಸ್ತಿ ದರ ಹಾಕುವಂತಿಲ್ಲ. ಆದರೆ ಈ ಕಡ್ಡಾಯ ಜನಸಂದಣಿ ಇಲ್ಲದ ಹೊತ್ತಿಗೆ ಮಾತ್ರ. ಬೆಳಿಗ್ಗೆ, ಸಂಜೆ ಆಫೀಸಿನ ಗದ್ದಲದಲ್ಲಿ ಕೊಡುವುದು ಬಿಡುವುದು ಆಯಾ ಸಂಸ್ಥೆಗೆ ಬಿಟ್ಟಿದ್ದು.

ಯಾಕೆ ಹೀಗೆ? ಇದರ ಹಿಂದೆ ಒಂದು ಲೆಕ್ಕ ಇದೆ, ಕೆಟ್ಟ ಲೆಕ್ಕವೇನೂ ಅಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಹೊರಟ ಬಸ್ಸಿನಲ್ಲಿ ಇಪ್ಪತ್ತು ಸೀಟು ಖಾಲಿ ಇದ್ದರೂ ಡೀಸೆಲ್ ಅಷ್ಟೇ ಸುಡುತ್ತದೆ, ಡ್ರೈವರ್ ಸಂಬಳ ಅಷ್ಟೇ. ಆ ಖಾಲಿ ಸೀಟಿನಲ್ಲಿ ಒಬ್ಬ ಅಜ್ಜ ಬಂದು ಕೂತರೆ ಸಂಸ್ಥೆಗೆ ಹೆಚ್ಚಿನ ಖರ್ಚು ಹತ್ತಿರ ಹತ್ತಿರ ಸೊನ್ನೆ. ಪೂರ್ತಿ ದರ ಇದ್ದಿದ್ದರೆ ಅವರು ಮನೆಯಲ್ಲೇ ಇರುತ್ತಿದ್ದರು, ಅರ್ಧ ಇದ್ದುದಕ್ಕೆ ಬಂದರು ಅಂದರೆ ಆ ಅರ್ಧವೂ ಲಾಭವೇ. ಸಾರಿಗೆಯವರಲ್ಲಿ ಒಂದು ಹಳೆಯ ಅಂದಾಜು ಇದೆ, ದರ ನೂರಕ್ಕೆ 3ರಷ್ಟು ಏರಿದರೆ ಜನ ನೂರಕ್ಕೆ 1ರಷ್ಟು ಕಡಿಮೆ ಆಗುತ್ತಾರೆ ಅಂತ. ಆಫೀಸಿಗೆ ಹೋಗುವವನು ಎಷ್ಟಾದರೂ ಹೋಗಲೇಬೇಕು. ಮಧ್ಯಾಹ್ನ ಮಗಳ ಮನೆಗೆ ಹೋಗಿ ಬರೋಣ ಅಂದುಕೊಂಡವರು ಮಾತ್ರ ದರ ನೋಡಿ ಸುಮ್ನೆ ಕೂತುಬಿಡುತ್ತಾರೆ. ಹಾಗಾಗಿ ರಿಯಾಯಿತಿ ಅಂದರೆ ದಾನ ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ. ಖಾಲಿ ಸೀಟು ಹೇಗೂ ಹಾಳಾಗುವ ಸರಕು ಅಲ್ವಾ?

ಇಂಗ್ಲೆಂಡಿನಲ್ಲಿ 2008ರ ಏಪ್ರಿಲ್ 1ರಿಂದ ಹಿರಿಯರ, ಅಂಗವಿಕಲರ ಪಾಸು ಇಡೀ ದೇಶದ ಲೋಕಲ್ ಬಸ್ಸುಗಳಲ್ಲಿ ನಡೆಯುತ್ತದೆ, ಪೂರ್ತಿ ಉಚಿತ. ಆದರೆ ವಾರದ ದಿನಗಳಲ್ಲಿ ಕಾನೂನು ಖಾತ್ರಿ ಕೊಡುವುದು ಬೆಳಿಗ್ಗೆ 9:30ರಿಂದ ರಾತ್ರಿ 11ರವರೆಗೆ. ಒಂಬತ್ತೂ ಇಪ್ಪತ್ತಕ್ಕೇ ಸ್ಟಾಪಿಗೆ ಬಂದು, ಪಾಸು ಹಿಡಿದು, 'ಟೂ ಅರ್ಲಿ ಆಯ್ತಾ?' ಅಂತ ಕೇಳುವ ಅಜ್ಜ ಅಜ್ಜಿಯರಿಗೆ ಅಲ್ಲಿನ ಡ್ರೈವರುಗಳು 'ಟ್ವರ್ಲಿ'ಗಳು ಅಂತ ಅಡ್ಡಹೆಸರೇ ಇಟ್ಟಿದ್ದಾರೆ. ಕೇಳಿದರೆ ನಗು ಬರುತ್ತದೆ. ಆದರೆ ಒಂಬತ್ತು ಗಂಟೆಗೆ ಡಾಕ್ಟರು ಬರಹೇಳಿದ್ದರೆ? ಇನ್ನೂ ದೊಡ್ಡ ತೊಡಕು ಅಂಗವಿಕಲರದು. ಒಂಬತ್ತೂವರೆ ಆದ ಮೇಲೆ ಮಾತ್ರ ರಿಯಾಯಿತಿ ಅನ್ನುವ ನಿಯಮ ಬರೆದವರು ಅಂಗವಿಕಲರಿಗೆ ಕೆಲಸ ಇರುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಂತಿದೆ. ಎಂಟು ಗಂಟೆಗೆ ಡ್ಯೂಟಿಗೆ ಹೋಗುವ ಕುರುಡ ಟೈಪಿಸ್ಟ್ ಅವರ ಕಣ್ಣಿಗೆ ಬಿದ್ದೇ ಇಲ್ಲ. ಖಾಲಿ ಸೀಟಿನ ಲೆಕ್ಕ ನಿವೃತ್ತರಿಗೆ ಸರಿಹೊಂದುತ್ತದೆ, ಸರಿ. ಅದೇ ಲೆಕ್ಕವನ್ನು ಎತ್ತಿ ಅಂಗವಿಕಲರ ಮೇಲೂ ಹೊದಿಸಿದ್ದು ತಪ್ಪು ಅಂತ ನನ್ನ ಅಭಿಪ್ರಾಯ. ಇವರಿಬ್ಬರನ್ನೂ ಒಂದೇ ಸಾಲಿನಲ್ಲಿ ಬರೆಯುವುದು ಅಭ್ಯಾಸ ಆಗಿಹೋಗಿದೆ, ಅಷ್ಟೇ. ಅಲ್ಲಿನ ಕೆಲವು ಸ್ಥಳೀಯ ಆಡಳಿತಗಳು ತಮ್ಮ ದುಡ್ಡಿನಲ್ಲಿ ಇಡೀ ದಿನ ಕೊಡುತ್ತವೆ ಅನ್ನುವುದನ್ನೂ ಹೇಳಬೇಕು.

ದುಡ್ಡು ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆ ಬೇಗ ಮುಗಿಸುತ್ತೇನೆ. ಇಂಗ್ಲೆಂಡಿನಲ್ಲಿ ಬಸ್ ಕಂಪನಿಗಳಿಗೆ ಸ್ಥಳೀಯ ಆಡಳಿತ ಹಣ ತುಂಬಿಕೊಡುತ್ತದೆ. ಈ ಯೋಜನೆಯಿಂದ ಕಂಪನಿಗೆ ಲಾಭವೂ ಆಗಬಾರದು, ನಷ್ಟವೂ ಆಗಬಾರದು ಅನ್ನುವುದು ಸೂತ್ರ. ಉಚಿತ ಅಂತ ಹೊಸದಾಗಿ ಬಂದವರು ಎಷ್ಟು, ದುಡ್ಡು ಕೊಟ್ಟಾದರೂ ಬರುತ್ತಿದ್ದವರು ಎಷ್ಟು ಅಂತ ಅಂದಾಜು ಮಾಡಬೇಕು. ಜಗಳ ಎಲ್ಲ ಅಲ್ಲೇ.

ಸೋಲ್ ನಗರದ ಕತೆ ಬೇರೆ. ಅಲ್ಲಿ 65 ದಾಟಿದವರಿಗೆ 1984ರಿಂದ ಮೆಟ್ರೊ ಉಚಿತ. ಆಗ ದಕ್ಷಿಣ ಕೊರಿಯಾದಲ್ಲಿ ಅಷ್ಟು ವಯಸ್ಸಿನವರು ನೂರಕ್ಕೆ ನಾಲ್ವರ ಆಸುಪಾಸು. 2024ರ ಕೊನೆಗೆ ನೂರಕ್ಕೆ 20 ದಾಟಿದರು. ಮೆಟ್ರೊ ನಷ್ಟಕ್ಕೆ ಇವರೇ ಕಾರಣ ಅನ್ನುವವರು ಒಂದು ಕಡೆ. ಇವರು ಹತ್ತದಿದ್ದರೂ ರೈಲು ಓಡಲೇಬೇಕಿತ್ತಲ್ಲ ಅನ್ನುವವರು ಇನ್ನೊಂದು ಕಡೆ. ಅದೇ ದೇಶದ ದೇಗು ನಗರ, ಮೆಟ್ರೊ ಉಚಿತವಾಗುವ ವಯಸ್ಸನ್ನು ವರ್ಷಕ್ಕೊಂದರಂತೆ 70ರವರೆಗೆ ಏರಿಸಿ, ಬದಲಿಗೆ ಬಸ್ಸಿನಲ್ಲೂ ಉಚಿತ ಕೊಡುವ ದಾರಿ ಹಿಡಿದಿದೆ. ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಸೋಲ್‌ನ ಅಜ್ಜಂದಿರ ಕೊರಿಯರ್ ಕೆಲಸ. ಮೆಟ್ರೊ ಉಚಿತ, ಹಾಗಾಗಿ ಹೂವು, ಕಾಗದಪತ್ರ, ಸಣ್ಣ ಪೊಟ್ಟಣ ಹಿಡಿದು ಊರ ಈ ತುದಿಯಿಂದ ಆ ತುದಿಗೆ ತಲುಪಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ. ರಿಯಾಯಿತಿ ಕೊಟ್ಟವರು ಇದನ್ನು ಖಂಡಿತ ಊಹಿಸಿರಲಿಕ್ಕಿಲ್ಲ.

ಭಾರತೀಯ ರೈಲ್ವೆಯಲ್ಲಿ 60 ದಾಟಿದ ಗಂಡಸರಿಗೆ ನೂರಕ್ಕೆ 40, 58 ದಾಟಿದ ಹೆಂಗಸರಿಗೆ ನೂರಕ್ಕೆ 50 ರಿಯಾಯಿತಿ ಇತ್ತು. ಕೊರೊನಾ ಬಂದ 2020ರ ಮಾರ್ಚ್‌ನಲ್ಲಿ ಅದು ನಿಂತಿತು. ಅಂಗವಿಕಲರ ಕೆಲವು ವರ್ಗಗಳದ್ದು ಮುಂದುವರಿಯಿತು. ಒಂದು ಆದೇಶದಲ್ಲಿ ಬಂದದ್ದು ಇನ್ನೊಂದು ಆದೇಶದಲ್ಲಿ ಹೋಗಬಹುದು ಅಂತ ಹೇಳುವುದಕ್ಕೆ ಈ ಉದಾಹರಣೆ ಕೊಟ್ಟೆ.

ಈಗ ಏನು ತೋರಿಸಬೇಕು ಅನ್ನುವುದಕ್ಕೆ ಬರೋಣ. ವಯಸ್ಸು ತೋರಿಸುವುದು ಸುಲಭ, ಹುಟ್ಟಿದ ದಿನಾಂಕ ಇರುವ ಒಂದು ಚೀಟಿ ಸಾಕು. ಅಮೆರಿಕದ ಕಾನೂನಿನಲ್ಲಿ ನನಗೆ ತುಂಬ ಹಿಡಿಸಿದ ಅಂಶ ಇದು: ಸರ್ಕಾರಿ ಆರೋಗ್ಯ ವಿಮೆಯ ಮೆಡಿಕೇರ್ ಕಾರ್ಡ್ ತೋರಿಸಿದರೆ ಅರ್ಧ ದರ ಕೊಡಲೇಬೇಕು. ಜೇಬಿನಲ್ಲಿ ಆಗಲೇ ಇರುವ ಕಾರ್ಡು! ಅಂಗವೈಕಲ್ಯ ತೋರಿಸುವುದು ಹಾಗಲ್ಲ. ನನ್ನ ಸೋದರತ್ತೆಗೆ ಚಿಕ್ಕಂದಿನಲ್ಲೇ ಪೋಲಿಯೊ ಬಂದು ಒಂದು ಕಾಲು ಸೊರಗಿತ್ತು. ಪಾಸು ನವೀಕರಿಸಲು ಹೋದಾಗಲೆಲ್ಲ ಹೊಸ ಸರ್ಟಿಫಿಕೇಟ್ ಬೇಕು. ಒಮ್ಮೆ ಕೌಂಟರಿನವರಿಗೆ ಕೇಳಿಯೇಬಿಟ್ಟರು, 'ಈ ವರ್ಷವೂ ಕಾಲು ಬೆಳೆದಿಲ್ಲ ಅಂತ ನಾನೇ ಬರೆದುಕೊಟ್ಟರೆ ಆಗಲ್ವೇನಪ್ಪಾ?' ಆತ ನಗಲಿಲ್ಲ. ಆ ಕೌಂಟರ್ ಮೊದಲನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕಾ?

ಕಣ್ಣಿಗೆ ಕಾಣದ ತೊಂದರೆ ಇರುವವರ ಪಾಡು ಇನ್ನೂ ಕಷ್ಟ. ಕಿವಿ ಕೇಳದವರು, ಮೂರ್ಛೆ ರೋಗ ಇರುವವರು, ನೋಡಲು ಗಟ್ಟಿಯಾಗಿಯೇ ಕಾಣುತ್ತಾರೆ. 'ಏನಾಗಿದೆ ನಿಮಗೆ?' ಅಂತ ಬಸ್ಸಿಗೆಲ್ಲ ಕೇಳಿಸುವ ಹಾಗೆ ಕಂಡಕ್ಟರ್ ಕೇಳಿದರೆ, ಎಷ್ಟೋ ಜನ ಪಾಸು ಒಳಗಿಟ್ಟು ಪೂರ್ತಿ ಟಿಕೆಟ್ ತಗೊಳ್ಳುತ್ತಾರೆ. ಆ ಅರ್ಧ ದರ ಅವರ ಮಾನದ ಬೆಲೆ ಆಯಿತು.

ಕೊನೆಗೆ, ಜೊತೆಗೆ ಬಂದವರು. ಒಬ್ಬರೇ ಓಡಾಡಲಾಗದವರಿಗೆ ಪೂರ್ತಿ ಉಚಿತ ಕೊಟ್ಟು ಸಹಾಯಕರಿಗೆ ಪೂರ್ತಿ ದರ ಹಾಕಿದರೆ, ಲೆಕ್ಕ ಮಾಡಿ ನೋಡಿ, ಆ ಪಯಣಕ್ಕೆ ಬಿದ್ದದ್ದು ಎಲ್ಲರಷ್ಟೇ ದರ. ಅರ್ಧ ಕೊಟ್ಟರೆ ಒಂದೂವರೆ ಟಿಕೆಟ್! ಅಮೆರಿಕದಲ್ಲಿ ಇನ್ನೊಂದು ವಿಚಿತ್ರ ಇದೆ. ಸಾಮಾನ್ಯ ಬಸ್ಸು ಹತ್ತಲು ಆಗದವರಿಗೆ ಮೊದಲೇ ಹೇಳಿಟ್ಟರೆ ವ್ಯಾನು ಬರುತ್ತದೆ, 1990ರ ಅಂಗವಿಕಲರ ಹಕ್ಕಿನ ಕಾನೂನಿನಿಂದ ಬಂದ ಸೌಲಭ್ಯ ಅದು. ಅದರ ಸಹಾಯಕರಿಗೆ ಟಿಕೆಟ್ ಇಲ್ಲ, ಅದು ಒಳ್ಳೆಯದೇ. ಆದರೆ ವ್ಯಾನಿನ ದರ ಮಾಮೂಲಿ ಬಸ್ಸಿನ ಎರಡು ಪಟ್ಟಿನವರೆಗೂ ಇರಬಹುದು. ಬಸ್ಸು ಹತ್ತಬಲ್ಲ ಅಂಗವಿಕಲರಿಗೆ ಅರ್ಧ, ಹತ್ತಲಾಗದವರಿಗೆ ಎರಡರಷ್ಟು. ವ್ಯಾನು ಓಡಿಸುವ ಖರ್ಚು ಜಾಸ್ತಿ ಅನ್ನುವುದು ನಿಜವೇ, ಒಪ್ಪುತ್ತೇನೆ. ಆದರೂ ಮೆಟ್ಟಿಲು ಎತ್ತರ ಮಾಡಿದವರು ಪ್ರಯಾಣಿಕರಲ್ಲ ತಾನೇ? ತಗ್ಗು ನೆಲದ ಬಸ್ಸು, ರಾಂಪು, ಸರಿಯಾದ ಸ್ಟಾಪು ಇದ್ದಷ್ಟೂ ವ್ಯಾನಿನ ಅಗತ್ಯ ಕಡಿಮೆ.

ನನಗೆ ಕೊಟ್ಟ ಹೊತ್ತು ಮುಗಿಯಿತು. ಪ್ರಶ್ನೆ ಇದ್ದವರು ಕೈ ಎತ್ತಿ. ಎದ್ದು ಬರಬೇಡಿ, ಮೈಕು ನೀವಿದ್ದಲ್ಲಿಗೇ ಬರುತ್ತದೆ.