ಮೊದಲು ಬೀಗದ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲದ ಒಂದು ಸಂಜೆ, ನಾನು ದಿನಾ ಬಸ್ಸು ಹತ್ತುವ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಆ ನಿಲ್ದಾಣದಲ್ಲೇ ಅವರ ವಾಸ. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಆಸ್ಪತ್ರೆಯ ಚೀಟಿ, ಒಂದಷ್ಟು ಮಾತ್ರೆ. ಮಳೆಗೆ ನೆನೆದು ಚೀಟಿಯ ಅಕ್ಷರವೆಲ್ಲ ಕಲಸಿಹೋಗಿತ್ತು. "ಓದಿ ಹೇಳು ಮಗಾ" ಅಂದರು. ಹೇಗೋ ಓದಿದೆ. ದಿನಕ್ಕೆ ಎರಡು ಹೊತ್ತು, ಊಟವಾದ ಮೇಲೆ. ಹೇಳಿ ಬಸ್ಸು ಹತ್ತಿದೆ. ಸೀಟಿನಲ್ಲಿ ಕೂತ ಮೇಲೆ ತಲೆಗೆ ಹೊಳೆಯಿತು. ಯಾವ ಊಟ?

ಡಾಕ್ಟರು ಬರೆದುಕೊಟ್ಟ ಮಾತ್ರೆ ಸರಿಯಾದದ್ದೇ ಇರಬೇಕು. ಆದರೆ ಅದನ್ನು ಒದ್ದೆಯಾಗದ ಹಾಗೆ ಇಡುವುದಕ್ಕೆ ಒಂದು ಗೂಡು ಬೇಕು. ಗಂಜಿ ಕಾಯಿಸುವುದಕ್ಕೆ ಒಲೆ ಬೇಕು. ರಾತ್ರಿ ಯಾರಾದರೂ ಬಂದು ಎಬ್ಬಿಸುತ್ತಾರೆ ಅನ್ನೋ ಭಯವಿಲ್ಲದೆ ಮಲಗುವ ಜಾಗ ಬೇಕು. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಜಾಗದ ಬಗ್ಗೆ. ಒಂದು ರಾತ್ರಿಯ ಹಾಸಿಗೆಯಲ್ಲ. ಕಾಯಂ ಮನೆ. ಜೊತೆಗೆ, ಬೇಕೆಂದಾಗ ಬಂದು ನೋಡಿಕೊಳ್ಳುವ ಜನ.

ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಬೀದಿಯಲ್ಲಿ ಬದುಕುವ, ಮಾನಸಿಕ ಕಾಯಿಲೆಯಿರುವ ಜನರ ಜೊತೆ ಅವರ ಕೆಲಸ. ಆಸ್ಪತ್ರೆಗೆ ಸೇರಿಸಿದವರು ಸ್ವಲ್ಪ ಸುಧಾರಿಸಿಕೊಂಡು ಹೊರಗೆ ಬರುತ್ತಿದ್ದರು. ಮತ್ತೆ ಅದೇ ಬೀದಿಯಲ್ಲಿ ಸಿಗುತ್ತಿದ್ದರು. ಆಗ ಅಲ್ಲಿದ್ದದ್ದು ಮೆಟ್ಟಿಲಿನ ಲೆಕ್ಕ. ಮೊದಲು ತಂಗುದಾಣಕ್ಕೆ ಬಾ. ಆಮೇಲೆ ಕುಡಿತ ಬಿಡು. ಆಮೇಲೆ ಮಾತ್ರೆ ತಪ್ಪದೆ ನುಂಗು. ಎಲ್ಲ ಪಾಸಾದರೆ ಕೊನೆಗೆ ಮನೆ. ಒಂದು ಮೆಟ್ಟಿಲು ಜಾರಿದರೆ ಮತ್ತೆ ಕೆಳಗಿನಿಂದ ಶುರು.

1992ರಲ್ಲಿ ಅವರು ಈ ಲೆಕ್ಕವನ್ನೇ ತಿರುಗಿಸಿಬಿಟ್ಟರು. ಮೊದಲು ಬೀಗದ ಕೈ. ಎಲ್ಲರೂ ಇರುವಂಥದ್ದೇ ಕಟ್ಟಡದಲ್ಲಿ ಒಂದು ಫ್ಲಾಟು. ಕೈಗೆ ಬರುವ ಪಿಂಚಣಿಯಲ್ಲೋ ಸಂಪಾದನೆಯಲ್ಲೋ ಶೇಕಡ 30ರಷ್ಟನ್ನು ಬಾಡಿಗೆಗೆ ಕೊಡಬೇಕು. ಉಳಿದ ಬಾಡಿಗೆಯನ್ನು ಯೋಜನೆ ಕಟ್ಟುತ್ತದೆ. ಡಾಕ್ಟರು, ನರ್ಸು, ಸಮಾಜ ಕಾರ್ಯಕರ್ತರು ಇರುವ ಒಂದು ತಂಡ ಮನೆಗೇ ಬಂದು ಹೋಗುತ್ತದೆ. ಕುಡಿತ ಬಿಡಲೇಬೇಕು ಎಂಬ ಷರತ್ತಿಲ್ಲ. ಚಿಕಿತ್ಸೆ ಬೇಕೋ ಬೇಡವೋ, ಹೇಗೆ ಬೇಕು ಅನ್ನುವುದು ಆ ಮನುಷ್ಯನ ಆಯ್ಕೆ. ಇದಕ್ಕೆ "ಹೌಸಿಂಗ್ ಫಸ್ಟ್" ಎಂದು ಹೆಸರಾಯಿತು.

ಕೇಳಿದವರೆಲ್ಲ ಇದು ನಡೆಯುವ ಮಾತಲ್ಲ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿದ್ದು ಬೇರೆ. ಐದು ವರ್ಷದ ಮೇಲೂ ಇವರ ಬಾಡಿಗೆದಾರರಲ್ಲಿ ನೂರಕ್ಕೆ 88 ಜನ ಮನೆಯಲ್ಲೇ ಉಳಿದಿದ್ದರು. ನಗರದ ಹಳೆಯ ಪದ್ಧತಿಯಲ್ಲಿ ಉಳಿದವರು 47.

ಒಂದು ವಿಷಯ ಮುಚ್ಚಿಡಬಾರದು. ಕೆನಡಾದಲ್ಲಿ 2009ರಿಂದ ಐದು ನಗರಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಜನರ ನಡುವೆ ಇದನ್ನು ದೊಡ್ಡದಾಗಿ ಪರೀಕ್ಷೆ ಮಾಡಿದರು. ಮನೆ ಉಳಿಸಿಕೊಳ್ಳುವ ವಿಷಯದಲ್ಲಿ ಫಲ ಚೆನ್ನಾಗಿತ್ತು. ಆದರೆ ಕಾಯಿಲೆ, ಕುಡಿತದ ವಿಷಯದಲ್ಲಿ, ಈ ಯೋಜನೆಗೆ ಸೇರದವರಿಗಿಂತ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇದನ್ನೇ ಹಿಡಿದು "ನೋಡಿ, ಪ್ರಯೋಜನವಿಲ್ಲ" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ನಿಮ್ಮ ಮನೆಗಳಲ್ಲೂ ಕಾಯಿಲೆ ಇದೆ, ಕುಡಿಯುವವರಿದ್ದಾರೆ. ಅದಕ್ಕೆ ಯಾರೂ ನಮ್ಮ ಮನೆ ಕಿತ್ತುಕೊಳ್ಳುವುದಿಲ್ಲ, ಅಲ್ವಾ?

ಈ ಕೆಲಸವನ್ನು ಒಂದು ಇಡೀ ದೇಶ ಕೈಗೆತ್ತಿಕೊಂಡದ್ದು ಫಿನ್ಲೆಂಡಿನಲ್ಲಿ. ಅಲ್ಲಿನ ಚಳಿಗಾಲದಲ್ಲಿ ಹೊರಗೆ ಮಲಗಿದವರು ಬೆಳಗ್ಗೆ ಏಳುತ್ತಾರೆ ಎಂಬ ಖಾತ್ರಿಯಿಲ್ಲ. 1985ರಲ್ಲಿ ವೈ-ಫೌಂಡೇಶನ್ ಎಂಬ ಸಂಸ್ಥೆ ಹುಟ್ಟಿತು. ಸಾಮಾನ್ಯ ಕಟ್ಟಡಗಳಲ್ಲಿ ಅಲ್ಲೊಂದು ಇಲ್ಲೊಂದು ಫ್ಲಾಟು ಕೊಂಡು, ಮನೆಯಿಲ್ಲದವರಿಗೆ ಬಾಡಿಗೆಗೆ ಕೊಡುವುದು ಅದರ ಕೆಲಸ. 2008ರಲ್ಲಿ ಸರ್ಕಾರವೇ ಮುಂದೆ ಬಂತು. ದೊಡ್ಡ ನಗರಗಳ ಜೊತೆ ಒಪ್ಪಂದ ಮಾಡಿಕೊಂಡಿತು. ವರ್ಷಗಟ್ಟಲೆ ಮನೆಯಿಲ್ಲದೆ ಇದ್ದವರಿಗೆ ಮನೆ ಕೊಡಿಸುವ ಕಾರ್ಯಕ್ರಮ ಶುರುವಾಯಿತು.

ಇದರಲ್ಲಿ ನನಗೆ ಬಹಳ ಇಷ್ಟವಾಗುವುದು ತಂಗುದಾಣಗಳಿಗೆ ಅವರು ಏನು ಮಾಡಿದರು ಅನ್ನುವುದು. ಮುಚ್ಚಿ ಬೀಗ ಹಾಕಲಿಲ್ಲ. ಒಳಗಿನ ಗೋಡೆ ಒಡೆದು ಮನೆ ಮಾಡಿದರು. ಹೆಲ್ಸಿಂಕಿಯ ಆಲ್ಪಿಕಾತು ರಸ್ತೆಯಲ್ಲಿ ಸಾಲ್ವೇಶನ್ ಆರ್ಮಿ ನಡೆಸುತ್ತಿದ್ದ ಒಂದು ತಂಗುದಾಣವಿತ್ತು. ಸುಮಾರು 250 ಹಾಸಿಗೆ. ಅದೇ ಕಟ್ಟಡ ಈಗ 81 ಪುಟ್ಟ ಮನೆಗಳಾಗಿದೆ. ಪ್ರತಿ ಮನೆಗೂ ಅದರದೇ ಬಾಗಿಲು. ಕೈಯಲ್ಲಿ ಬಾಡಿಗೆ ಕರಾರು. ಕೆಳಗೆ ಸಿಬ್ಬಂದಿ ಇರುತ್ತಾರೆ, ಕಷ್ಟ ಬಂದಾಗ ಹೋಗಿ ಮಾತಾಡಬಹುದು. ಸ್ವಂತ ಅಡುಗೆಗೆ ಜಾಗವಿದೆ. 1985ರಲ್ಲಿ ಹೆಲ್ಸಿಂಕಿಯ ತಂಗುದಾಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳಿದ್ದವು. 2016ರ ಹೊತ್ತಿಗೆ 52 ಉಳಿದಿದ್ದವು.

ಇಡೀ ದೇಶದಲ್ಲಿ 1980ರ ದಶಕದ ಕೊನೆಗೆ ಮನೆಯಿಲ್ಲದವರು ಸುಮಾರು 18,000. 2023ರಲ್ಲಿ 3,429. ನೆಂಟರ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಹೊಂದಿಕೊಂಡು ಇರುವವರನ್ನೂ ಅವರು ಈ ಲೆಕ್ಕಕ್ಕೆ ಸೇರಿಸುತ್ತಾರೆ. ಆದರೆ 2024ರಲ್ಲಿ ಸಂಖ್ಯೆ 3,806ಕ್ಕೆ ಏರಿತು. ವರ್ಷಗಳಿಂದ ಇಳಿಯುತ್ತಲೇ ಇದ್ದದ್ದು ಮತ್ತೆ ಮೇಲೆ ಹೋಯಿತು. ಬಾಡಿಗೆಗೆ ಸರ್ಕಾರ ಕೊಡುತ್ತಿದ್ದ ನೆರವಿಗೆ ಕತ್ತರಿ ಬಿದ್ದಿತ್ತು. ಅದನ್ನು ಓದಿದಾಗ ಮನಸ್ಸಿಗೆ ನೋವಾಯಿತು. ಇಷ್ಟು ವರ್ಷ ಕಟ್ಟಿದ್ದು, ಕೈ ಸ್ವಲ್ಪ ಹಿಂದೆಗೆದರೆ ಸಾಕು, ಜಾರಲು ಶುರುವಾಗುತ್ತದೆ.

ಫಿನ್ಲೆಂಡು ಶ್ರೀಮಂತ ದೇಶ, ಐವತ್ತಾರು ಲಕ್ಷ ಜನ, ನಮಗೆ ಅದು ಹೇಗೆ ಆಗುತ್ತೆ ಎಂದು ನೀವು ಕೇಳಬಹುದು. ನಮ್ಮ ಪಕ್ಕದ ಚೆನ್ನೈಗೇ ಬನ್ನಿ.

ವಂದನಾ ಗೋಪಿಕುಮಾರ್, ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ಯುವತಿಯರು ಬೀದಿಯಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದ ಒಬ್ಬ ಹೆಂಗಸನ್ನು ನೋಡಿದರು. ಎಲ್ಲಿಗೆ ಸೇರಿಸುವುದೆಂದು ಗೊತ್ತಾಗದೆ ಒದ್ದಾಡಿದರು. ಕೊನೆಗೆ 1993ರಲ್ಲಿ ತಾವೇ "ದಿ ಬನಿಯನ್" ಎಂಬ ಸಂಸ್ಥೆ ಕಟ್ಟಿದರು. ಬನಿಯನ್ ಅಂದರೆ ಆಲದ ಮರ. ಅಲ್ಲಿ ಚಿಕಿತ್ಸೆ ಪಡೆದ ಎಷ್ಟೋ ಹೆಣ್ಣುಮಕ್ಕಳು ಊರಿಗೆ ಹೋದರು. ಆದರೆ ಕೆಲವರಿಗೆ ಊರು ನೆನಪಿಲ್ಲ. ಕೆಲವರನ್ನು ಮನೆಯವರು ಸೇರಿಸಲಿಲ್ಲ. ಹುಷಾರಾದ ಮೇಲೂ ವರ್ಷಗಟ್ಟಲೆ ಅವರು ವಾರ್ಡಿನಲ್ಲೇ ಉಳಿದರು.

ಅವರಿಗಾಗಿ 2015ರಲ್ಲಿ "ಹೋಮ್ ಅಗೇನ್" ಶುರುವಾಯಿತು. ಅಂದರೆ ಮರಳಿ ಮನೆ. ಊರಿನ ನಡುವೆ ಒಂದು ಸಾಮಾನ್ಯ ಮನೆ ಬಾಡಿಗೆಗೆ ಹಿಡಿಯುತ್ತಾರೆ. ಹೊರಗೆ ಆಸ್ಪತ್ರೆಯ ಬೋರ್ಡಿಲ್ಲ. ನಾಲ್ಕೈದು ಜನ ಒಟ್ಟಿಗೆ ಇರುತ್ತಾರೆ. ಅವರ ನೆರವಿಗೆ ತರಬೇತಿ ಪಡೆದ ಸಹಾಯಕಿಯರು. ಇವತ್ತು ಸಾರು ಏನು ಮಾಡೋಣ, ಸಂತೆಗೆ ಯಾರು ಹೋಗ್ತಾರೆ, ಇಂಥವನ್ನೆಲ್ಲ ಅವರೇ ತೀರ್ಮಾನಿಸುತ್ತಾರೆ. ಕೆಲವರು ಕೆಲಸಕ್ಕೂ ಹೋಗುತ್ತಾರೆ. ನಮಗೆ ಇದು ಏನೂ ಅಲ್ಲ. ಹತ್ತು ವರ್ಷ ಗಂಟೆ ಬಾರಿಸಿದಾಗ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರಿಗೆ, ಟೀಗೆ ಸಕ್ಕರೆ ಎಷ್ಟು ಬೇಕು ಎಂದು ಯಾರಾದರೂ ಕೇಳಿದರೆ ಹೇಗಿರುತ್ತೆ, ಸುಮ್ನೆ ಯೋಚನೆ ಮಾಡಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಕ್ರಮವನ್ನು ಬೇರೆ ದೇಶಗಳಿಗೂ ಮಾದರಿಯಾಗಿ ತೋರಿಸಿತು.

ನಮ್ಮ ಕಾನೂನೂ ಇದರ ಪರವಾಗೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 19ನೇ ಸೆಕ್ಷನ್ನು ಸ್ಪಷ್ಟವಾಗಿ ಹೇಳುತ್ತದೆ. ಮನೆಯಿಲ್ಲ, ಮನೆಯವರು ಸೇರಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಜನರ ನಡುವೆ ಬದುಕುವುದು ಅವರ ಹಕ್ಕು. ಇತ್ತ ಬೀದಿಯಲ್ಲಿ ಮಲಗುವವರಿಗಾಗಿ, 2013ರಲ್ಲಿ ಕೇಂದ್ರ ಸರ್ಕಾರ ತಂದ ನಗರ ಜೀವನೋಪಾಯ ಯೋಜನೆಯಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನರ ತಂಗುದಾಣ ಎಂಬ ನಿಯಮವಿತ್ತು. ತಂಗುದಾಣ ಬೇಕೇ ಬೇಕು, ಅದು ಜೀವ ಉಳಿಸುತ್ತದೆ. ಆದರೆ 2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರೆಂದು ಎಣಿಸಿದ್ದು ಸುಮಾರು 17.7 ಲಕ್ಷ ಜನರನ್ನು. ಅವರನ್ನೆಲ್ಲ ಹಾಸಿಗೆಯಿಂದ ಹಾಸಿಗೆಗೆ ದಾಟಿಸುತ್ತಾ ಇರುವುದಕ್ಕೆ ಆಗುವುದಿಲ್ಲ.

ನಮ್ಮ ಬೀದಿಯಲ್ಲಿ ಈ ವಾರ ಎರಡು ಮನೆಗೆ "ಬಾಡಿಗೆಗೆ ಇದೆ" ಅನ್ನೋ ಬೋರ್ಡು ಬಿದ್ದಿದೆ. ಯಾರಾದರೂ ಹೋಗಿ ವಿಚಾರಿಸಿದರೆ ಮಾಲೀಕರು ಕೇಳುವ ಪ್ರಶ್ನೆಗಳು ನಿಮಗೆ ಗೊತ್ತು. ಎಲ್ಲಿ ಕೆಲಸ? ಮನೆಯಲ್ಲಿ ಎಷ್ಟು ಜನ? ಅಡ್ವಾನ್ಸು ಯಾವಾಗ ಕೊಡ್ತೀರಿ? ಬಸ್ ನಿಲ್ದಾಣದ ಅಜ್ಜಿಯ ಹತ್ತಿರ ಇದಕ್ಕೆಲ್ಲ ಉತ್ತರವಿರಲಿಲ್ಲ. ಅವರ ಪರವಾಗಿ ಕರಾರಿಗೆ ಸಹಿ ಹಾಕಿ, ಅಡ್ವಾನ್ಸು ಕೊಟ್ಟು, ವಾರಕ್ಕೊಮ್ಮೆ ಬಂದು "ಮಾತ್ರೆ ತಗೊಂಡ್ರಾ ಅಜ್ಜಿ, ಊಟ ಆಯ್ತಾ" ಎಂದು ಕೇಳುವವರು ಒಬ್ಬರು ಬೇಕಿತ್ತು. ನಗರಪಾಲಿಕೆಯೋ, ಸರ್ಕಾರವೋ, ಒಂದು ಸಂಸ್ಥೆಯೋ, ಯಾರಾದರೂ ಸರಿ. ಬೋರ್ಡು ಬಿದ್ದಿರುವ ಆ ಎರಡರಲ್ಲಿ ಒಂದು ಮನೆ ನೆಲಮಹಡಿಯಲ್ಲಿದೆ. ಮುಂದೆ ಒಂದು ಕಟ್ಟೆಯೂ ಇದೆ.

ನಮಸ್ಕಾರ.