ಇಳಿಜಾರಿನ ಊರುಗಳು

ಕೇಳುಗರಿಗೆ ನಮಸ್ಕಾರ.

ಪೂರ್ವ ಹಿಮಾಲಯದ ಕಡೆ ಹೋಗಿ ಬಂದೆ ಅಂದರೆ ಸಾಕು, ಎಲ್ಲರೂ ಮೊದಲು ಕೇಳುವುದು ಒಂದೇ: ಕಾಂಚನಜುಂಗಾ ಶಿಖರ ಕಾಣಿಸಿತಾ? ಅದರ ಮಾತು ಆಮೇಲೆ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅಲ್ಲಿನ ಇಳಿಜಾರು. ಡಾರ್ಜಿಲಿಂಗ್, ಕರ್ಸಿಯಾಂಗ್, ಕಾಲಿಂಪಾಂಗ್, ಗ್ಯಾಂಗ್ಟಾಕ್, ಯಾವ ಊರನ್ನೇ ತೆಗೆದುಕೊಳ್ಳಿ, ಸಮತಟ್ಟಾದ ಜಾಗ ಅನ್ನುವುದೇ ಅಪರೂಪ. ಕೆಳಗಿನ ಮನೆಯ ತಾರಸಿ ಮೇಲಿನ ಮನೆಯ ಅಂಗಳದ ಮಟ್ಟಕ್ಕೆ ಬಂದಿರುತ್ತದೆ. ಬೀದಿಯಿಂದ ಹೋಟೆಲಿನ ಒಳಗೆ ಕಾಲಿಟ್ಟರೆ ನೀವು ನಿಂತಿರುವುದು ನಾಲ್ಕನೇ ಮಹಡಿಯಲ್ಲಿ. ರೂಮಿಗೆ ಹೋಗಬೇಕಾದರೆ ಮೆಟ್ಟಿಲು ಇಳಿಯಬೇಕು.

ಇಂಥ ಗುಡ್ಡಕ್ಕೆ ರೈಲು ಹತ್ತಿಸಿದ್ದಾರೆ. 1881ರಲ್ಲಿ ಶುರುವಾದ ಡಾರ್ಜಿಲಿಂಗ್ ರೈಲು ಇದು. ಹಳಿಗಳ ನಡುವಿನ ಅಗಲ ಬರೀ ಎರಡು ಅಡಿ. ಸಿಲಿಗುರಿಯ ಬಯಲಿನಲ್ಲಿ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿರುವ ರೈಲು, ಘೂಮ್ ನಿಲ್ದಾಣಕ್ಕೆ ಬರುವಾಗ 2,258 ಮೀಟರ್ ಎತ್ತರಕ್ಕೆ ಏರಿರುತ್ತದೆ. ಆಮೇಲೆ ಡಾರ್ಜಿಲಿಂಗಿಗೆ ಸ್ವಲ್ಪ ಇಳಿಯುತ್ತದೆ. ಊಟಿ ರೈಲು ಹತ್ತಿದವರಿಗೆ ಗೊತ್ತಿರಬಹುದು, ಅಲ್ಲಿ ಎರಡು ಹಳಿಗಳ ನಡುವೆ ಹಲ್ಲು ಹಲ್ಲಿನ ಇನ್ನೊಂದು ಪಟ್ಟಿ ಇದೆ. ಎಂಜಿನ್ನಿನ ಚಕ್ರ ಅದನ್ನು ಹಿಡಿದುಕೊಂಡು ಹತ್ತುತ್ತದೆ. ಡಾರ್ಜಿಲಿಂಗಿನಲ್ಲಿ ಅಂಥದ್ದೇನೂ ಇಲ್ಲ. ಹಾಗಾದರೆ ಹತ್ತುವುದು ಹೇಗೆ?

ಎರಡು ಉಪಾಯ ಮಾಡಿದ್ದಾರೆ. ಒಂದು, ಹಳಿಯನ್ನೇ ಗುಂಡಗೆ ಸುತ್ತಿಸಿ, ಈಗಷ್ಟೇ ಬಂದ ದಾರಿಯ ಮೇಲೆಯೇ ಸೇತುವೆ ಹಾಕಿ ದಾಟಿಸುವುದು. ಇಂಥ ಸುತ್ತುಗಳು ಈಗ ಮೂರು ಉಳಿದಿವೆ. ಘೂಮ್ ದಾಟಿದ ಮೇಲೆ ಸಿಗುವ ಬತಾಸಿಯಾ ಸುತ್ತು ಎಲ್ಲರ ಫೋಟೋಗಳಲ್ಲೂ ಇರುತ್ತದೆ. ಸುತ್ತಲಿಕ್ಕೂ ಜಾಗವಿಲ್ಲದ ಕಡೆ ಇನ್ನೊಂದು ಉಪಾಯ. ರೈಲು ಮುಂದಕ್ಕೆ ಹೋಗಿ ನಿಲ್ಲುತ್ತದೆ. ಹಳಿ ಬದಲಾಯಿಸುತ್ತಾರೆ. ಈಗ ಹಿಂದಕ್ಕೇ ಚಲಿಸುತ್ತಾ ಗುಡ್ಡ ಏರುತ್ತದೆ. ಮತ್ತೆ ನಿಂತು, ಮತ್ತೆ ಮುಂದಕ್ಕೆ. ಸ್ವಲ್ಪ ಹೊತ್ತಿನ ಹಿಂದೆ ನೀವು ಹಾದುಬಂದ ಹಳಿ ಈಗ ಕಾಲ ಕೆಳಗೆ ಕಾಣುತ್ತದೆ. ಇಂಥವು ಆರು ಕಡೆ ಇವೆ. ಎಂಜಿನಿಯರುಗಳಿಗೆ ಗುಡ್ಡದ ಜೊತೆ ಜಗಳವಾಡುವ ಮನಸ್ಸಿರಲಿಲ್ಲ ಅನಿಸುತ್ತದೆ. ಸುಮ್ನೆ ರಾಜಿ ಮಾಡಿಕೊಂಡಿದ್ದಾರೆ.

ಹಳಿ ಒದ್ದೆಯಾದರೆ ಚಕ್ರ ಜಾರುತ್ತದೆ, ಅಲ್ವಾ? ಅದಕ್ಕೇ ಹಳೇ ಉಗಿ ಎಂಜಿನ್ನಿನ ಮೂತಿಯ ಮೇಲೆ ಕೆಲಸದವರು ಕೂತಿರುತ್ತಾರೆ. ಏರು ಬಂದಾಗ ಹಿಡಿ ಹಿಡಿಯಾಗಿ ಮರಳನ್ನು ಹಳಿಯ ಮೇಲೆ ಚೆಲ್ಲುತ್ತಾರೆ. 1999ರಲ್ಲಿ ಯುನೆಸ್ಕೋ ಈ ರೈಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಲಿಕ್ಕೆ ಆ ಮರಳಿನ ಹಿಡಿಯೊಂದೇ ಸಾಕಿತ್ತು ಅಂತ ನನಗೆ ಅನಿಸುತ್ತದೆ.

ಕರ್ಸಿಯಾಂಗಿನಲ್ಲಿ ರೈಲು ಪೇಟೆಯ ನಡುವೆಯೇ ಹೋಗುತ್ತದೆ. ಕಿಟಕಿಯಿಂದ ಕೈ ಚಾಚಿದರೆ ಅಂಗಡಿಯ ಸಾಮಾನು ಸಿಗುವಷ್ಟು ಹತ್ತಿರ. ಪೂರ್ತಿ ಪ್ರಯಾಣಕ್ಕೆ ಏಳು ಗಂಟೆಗೂ ಮೇಲೆ ಬೇಕು. ಹಾಗಾಗಿ ಊರಿನವರು ಓಡಾಡುವುದು ಶೇರ್ ಜೀಪಿನಲ್ಲಿ. ಅದು ಮೂರು ಗಂಟೆಯಲ್ಲಿ ಮುಟ್ಟಿಸುತ್ತದೆ. ಸೀಟು ತುಂಬುವ ತನಕ ಮಾತ್ರ ಹೊರಡುವುದಿಲ್ಲ. ಡ್ರೈವರನ್ನು ‘ದಾಜು’ ಅಂತ ಕರೆಯಿರಿ, ನೇಪಾಳಿಯಲ್ಲಿ ಅಣ್ಣ ಅಂತ. ಜೀಪಿನ ಹಾಡಿನ ಸದ್ದೂ ಸ್ವಲ್ಪ ಕಮ್ಮಿಯಾಗುತ್ತದೆ.

ಗಾಡಿ ಹೋಗದ ಕಡೆಗೆ ಏನು ಮಾಡುತ್ತಾರೆ? ಹೊರುತ್ತಾರೆ. ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಫ್ರಿಜ್ಜು ಕೂಡ. ಬೆನ್ನ ಮೇಲಿನ ಹೊರೆಗೆ ಕಟ್ಟಿದ ಅಗಲದ ಪಟ್ಟಿ ಹಣೆಯ ಮೇಲೆ ಬಂದಿರುತ್ತದೆ. ಅದಕ್ಕೆ ನಾಮ್ಲೋ ಅನ್ನುತ್ತಾರೆ. ಚಹಾ ತೋಟದ ಹೆಂಗಸರ ಬುಟ್ಟಿಯೂ ಹಣೆಗೇ ತೂಗುತ್ತದೆ. 1920ರ ದಶಕದಲ್ಲಿ ಎವರೆಸ್ಟಿಗೆ ಹೊರಟ ಬ್ರಿಟಿಷ್ ತಂಡಗಳು ಡಾರ್ಜಿಲಿಂಗಿನಿಂದಲೇ ಟಿಬೆಟ್ ದಾರಿ ಹಿಡಿಯುತ್ತಿದ್ದವು, ಕೂಲಿಗಳೂ ಇಲ್ಲಿಯೇ ಸಿಗುತ್ತಿದ್ದರು. ಹೊರೆ ಹೊರುವ ಕೆಲಸ ಹುಡುಕಿಕೊಂಡು ಬಂದ ಶೆರ್ಪಾಗಳಲ್ಲಿ ತೇನ್‌ಸಿಂಗ್ ನೋರ್ಗೆ ಕೂಡ ಒಬ್ಬರು. ಎವರೆಸ್ಟ್ ಹತ್ತಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣ ಸಂಸ್ಥೆ ಶುರುವಾಯಿತು. ಅಲ್ಲಿ ಹತ್ತುವುದನ್ನು ಕಲಿಸುವ ಹೊಣೆ ಅವರದಾಯಿತು.

ಇನ್ನು ನೀರು. ಇದನ್ನು ಪ್ರವಾಸಿಗರು ಗಮನಿಸುವುದು ಕಮ್ಮಿ. ಡಾರ್ಜಿಲಿಂಗಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆದರೂ ಬೇಸಿಗೆ ಬಂತೆಂದರೆ ಜನ ನೀರು ಕೊಳ್ಳುತ್ತಾರೆ. ಬಿದ್ದ ನೀರು ನಿಲ್ಲುವುದಿಲ್ಲ, ಕೆಳಗೆ ಓಡಿಹೋಗುತ್ತದೆ. ಊರಿಗೆ ಮುಖ್ಯ ಆಧಾರ ಸೆಂಚಲ್ ಗುಡ್ಡದಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಕೆರೆಗಳು. ಆಗಿನ ಪುಟ್ಟ ಊರಿಗೆ ಅಷ್ಟು ಸಾಕಾಗಿತ್ತು. ಈಗ ಲಕ್ಷ ದಾಟಿದ ಜನ, ಅವರ ಮೇಲೆ ನಾವು. ಹೋಟೆಲಿನಲ್ಲಿ ಬಿಸಿನೀರು ಒಂದೇ ಬಕೆಟ್ ಕೊಟ್ಟರೆ ಗೊಣಗಬೇಡಿ.

ಕಾಂಚನಜುಂಗಾಕ್ಕೆ ಬರೋಣ. 8,586 ಮೀಟರ್, ಜಗತ್ತಿನಲ್ಲಿ ಮೂರನೆಯದು. 19ನೇ ಶತಮಾನದ ನಡುವಿನವರೆಗೂ ಇದೇ ಮೊದಲನೆಯದು ಅಂತ ನಂಬಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಟೈಗರ್ ಹಿಲ್‌ಗೆ ಹೋಗಬೇಕು ಅನ್ನುವುದು ವಾಡಿಕೆ. ಜೀಪುಗಳ ಸಾಲು, ನೂಕುನುಗ್ಗಲು, ಮೋಡ ಬಂದರೆ ಬೆಟ್ಟವೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಅದು ನಿದ್ದೆಗೆ ದಂಡ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ನಡುವೆ ಹೋಗಿ, ಡಾರ್ಜಿಲಿಂಗ್ ಊರಿನೊಳಗಿನ ಚೌರಸ್ತಾದಿಂದ ಮಹಾಕಾಲ್ ಗುಡ್ಡವನ್ನು ಒಂದು ಸುತ್ತು ಹಾಕಿ. ಆಕಾಶ ತಿಳಿಯಾಗಿದ್ದರೆ ಅದೇ ಬೆಟ್ಟ ಅಲ್ಲಿಂದಲೂ ಕಾಣುತ್ತದೆ. ಸಿಕ್ಕಿಂ ಜನರಿಗೆ ಅದು ದೇವರು. 1955ರಲ್ಲಿ ಮೊದಲು ಹತ್ತಿದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್, ತುದಿಯನ್ನು ತುಳಿಯುವುದಿಲ್ಲ ಅಂತ ಕೊಟ್ಟ ಮಾತಿನಂತೆ, ತುದಿಗೆ ಕೆಲವೇ ಹೆಜ್ಜೆ ಇರುವಾಗ ನಿಂತುಬಿಟ್ಟರು.

ಕಾಲಿಂಪಾಂಗಿನ ಪೇಟೆಗೆ ಒಂದು ಕಾಲದಲ್ಲಿ ಟಿಬೆಟಿನ ಉಣ್ಣೆ ಹೊತ್ತ ಹೇಸರಗತ್ತೆಗಳು ಜೆಲೆಪ್ ಲಾ ಕಣಿವೆ ದಾಟಿ ಬರುತ್ತಿದ್ದವು. 1962ರ ಯುದ್ಧದೊಂದಿಗೆ ಅದು ನಿಂತುಹೋಯಿತು. ಈಗ ಅಲ್ಲಿ ಹೂವಿನ ನರ್ಸರಿಗಳು. ಕೆಳಗೆ ಹರಿಯುವುದು ತೀಸ್ತಾ ನದಿ. ಗ್ಯಾಂಗ್ಟಾಕಿಗೆ ಹೋಗುವ ಹೆದ್ದಾರಿ ಈ ನದಿಯ ಪಕ್ಕದಲ್ಲೇ ಇದೆ. 2023ರ ಅಕ್ಟೋಬರ್ 4ರ ಬೆಳಗಿನ ಜಾವ, ಉತ್ತರ ಸಿಕ್ಕಿಂನ ದಕ್ಷಿಣ ಲೊನಾಕ್ ಅನ್ನುವ ಹಿಮದ ಕೆರೆ ಒಡೆದು ನೀರು ನುಗ್ಗಿತು. ಚುಂಗ್‌ಥಾಂಗಿನ ಅಣೆಕಟ್ಟು ಕೊಚ್ಚಿಹೋಯಿತು, ಸೇತುವೆಗಳು ಹೋದವು, ಜನ ಸತ್ತರು. ಆ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಈಗಲೂ ಗುಡ್ಡ ಕುಸಿಯುತ್ತದೆ. ಆಗ ಗಾಡಿಗಳು ಲಾವಾ ಕಡೆಯಿಂದ ಸುತ್ತಿಕೊಂಡು ಹೋಗಬೇಕು.

ಹೋಗುವ ಮನಸ್ಸಿದ್ದರೆ ಇಷ್ಟು ನೆನಪಿಡಿ. ಸಿಕ್ಕಿಂನಲ್ಲಿ ಟಿಬೆಟ್ ಗಡಿಯ ಕಣಿವೆಯಾದ ನಾಥು ಲಾಗೆ ಮೊದಲೇ ಪರವಾನಗಿ ಬೇಕು, ಸೋಮವಾರ, ಮಂಗಳವಾರ ಪ್ರವಾಸಿಗರನ್ನು ಬಿಡುವುದಿಲ್ಲ. ಮತ್ತೆ, ಬಾಗ್‌ಡೋಗ್ರಾದಿಂದ ವಾಪಸ್ ವಿಮಾನ ಇದ್ದರೆ ಹಿಂದಿನ ರಾತ್ರಿಯೇ ಸಿಲಿಗುರಿಗೆ ಇಳಿದುಬಿಡಿ. ಅವತ್ತಿನ ಬೆಳಿಗ್ಗೆ ರಸ್ತೆ ತೆರೆದಿರುತ್ತದೆ ಅಂತ ಅಲ್ಲಿನ ದಾಜುಗಳೂ ಮಾತು ಕೊಡುವುದಿಲ್ಲ. ನಮಸ್ಕಾರ.